ದೂರದ ಓದುಗರು

ನನ್ನ ಕೈಬರಹ ಚೆನ್ನಾಗಿದೆ. ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ನಡೆದದ್ದಕ್ಕೆಲ್ಲ ಅದೇ ಮೂಲವಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅಜ್ಜಂಪುರದ ಸುತ್ತಮುತ್ತ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಪ್ಪತ್ತಾರು ವರ್ಷ ಮೇಷ್ಟ್ರಾಗಿದ್ದೆ. ಯಾವ ಶಾಲೆಗೆ ವರ್ಗವಾಗಿ ಹೋದರೂ ನನ್ನ ಅಕ್ಷರ ಕಣ್ಣಿಗೆ ಬಿದ್ದ ಕೂಡಲೇ ಅಲ್ಲಿನ ಹೆಡ್ಮಾಸ್ಟರು ಎರಡು ಕೆಲಸ ನನ್ನ ತಲೆಗೆ ಕಟ್ಟುತ್ತಿದ್ದರು. ಒಂದು, ಗೋಡೆಗಳ ಮೇಲೆ ಒಳ್ಳೆಯ ಮಾತು ಬರೆಯುವುದು. ಇನ್ನೊಂದು, ಸಂದರ್ಶಕರ ಪುಸ್ತಕ.

ಶಾಲೆಗೆ ಬಂದ ದೊಡ್ಡವರು ತಮ್ಮ ಅಭಿಪ್ರಾಯ ಬರೆದು ಸಹಿ ಮಾಡಬೇಕಾದ ಪುಸ್ತಕ ಅದು. ಆದರೆ ನಮ್ಮ ಕಡೆ ಯಾರೂ ಬರೆಯುವುದಿಲ್ಲ. ಕಾಫಿ ಕುಡಿದು, ಬಾಳೆಹಣ್ಣು ತಿಂದು, ಎದ್ದು ಹೊರಡುವಾಗ ಪುಸ್ತಕ ಮುಂದಿಟ್ಟರೆ, "ನೀವೇ ನಾಕು ಸಾಲು ಬರ್ಕಳಿ ಮೇಷ್ಟ್ರೇ, ನಾನು ಸೈನ್ ಹಾಕ್ತೀನಿ" ಅನ್ನುತ್ತಾರೆ. ಶಾಲಾ ಸಮಿತಿಯ ಅಧ್ಯಕ್ಷರು, ಬ್ಯಾಂಕಿನ ಮ್ಯಾನೇಜರು, ಚುಚ್ಚುಮದ್ದು ಹಾಕಲು ಬಂದ ನರ್ಸಮ್ಮ, ಎಲ್ಲರದ್ದೂ ನಾನೇ ಬರೆದೆ. ಸುಮ್ಮನೆ ಬರೆಯುತ್ತಿರಲಿಲ್ಲ. ಅಧ್ಯಕ್ಷರ ಮಾತಿಗೆ ಸ್ವಲ್ಪ ಗತ್ತು, ನರ್ಸಮ್ಮನ ಮಾತಿಗೆ ಮಕ್ಕಳ ಉಗುರು, ಹಲ್ಲಿನ ಕಾಳಜಿ, ಹೀಗೆ ಅವರವರ ಗಂಟಲಿಗೆ ಹೊಂದುವಂತೆ ಬರೆಯುತ್ತಿದ್ದೆ. ಓದಿದ ಮೇಲೆ ಅವರೇ, ನಾನು ಹೇಳಬೇಕು ಅಂತಿದ್ದದ್ದು ಇದೇ ಅನ್ನುತ್ತಿದ್ದರು. ಇದರಲ್ಲಿ ತಪ್ಪೇನಾದರೂ ಇದೆ ಎಂದು ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ನನಗೆ ಅನ್ನಿಸಲಿಲ್ಲ.

ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ ಕಡೂರಿನಲ್ಲಿ ನಮಗೆಲ್ಲ ಮೂರು ದಿನದ ಕಂಪ್ಯೂಟರ್ ತರಬೇತಿ ಇಟ್ಟರು. ಬೇಸರದಿಂದಲೇ ಹೋದೆ. ತರೀಕೆರೆಯ ಮನೆಯಿಂದ ಎರಡು ಬಸ್ಸು ಹಿಡಿದು ಹೋಗಿ, ನನ್ನ ಮಗನ ವಯಸ್ಸಿನ ಹುಡುಗನೊಬ್ಬನಿಂದ ಪಾಠ ಹೇಳಿಸಿಕೊಳ್ಳುವುದು ಯಾರಿಗೆ ಬೇಕು ಎಂದು ಗೊಣಗಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎರಡನೇ ದಿನ ಆ ಹುಡುಗ ಯಾವುದೋ ಊರಿನ ಶಾಲೆಯ ಬ್ಲಾಗು ತೋರಿಸಿದ. ನಾಲ್ಕನೇ ಕ್ಲಾಸಿನ ಮಗುವೊಂದು ತನ್ನ ಮನೆಯ ಬೆಕ್ಕಿನ ಬಗ್ಗೆ ಬರೆದಿತ್ತು. ಅದರ ಕೆಳಗೆ ಎಲ್ಲೆಲ್ಲಿಯವರೋ ಕಾಮೆಂಟು ಹಾಕಿದ್ದರು. ಒಬ್ಬರು ತಮ್ಮ ಬೆಕ್ಕಿನ ಕಥೆ ಹೇಳಿದ್ದರು. ಇನ್ನೊಬ್ಬರು, ಬೆಕ್ಕು ಈಗ ಹೇಗಿದೆ ಎಂದು ಕೇಳಿದ್ದರು. ನನ್ನ ಮಕ್ಕಳ ಪ್ರಬಂಧಗಳನ್ನು ನನ್ನ ಹೊರತು ಯಾರೂ ಓದಿದ್ದಿಲ್ಲ, ನಾನೂ ಕೆಂಪು ಪೆನ್ನು ಹಿಡಿದೇ ಓದಿದವನು. ಹಿಂದಿನ ಬೆಂಚಿನಿಂದ ಎದ್ದು ಮುಂದೆ ಹೋಗಿ ಕೂತೆ.

ಆಗ ನಾನಿದ್ದದ್ದು ಅಜ್ಜಂಪುರದಿಂದ ಒಳಗೆ ಒಂದು ಹಳ್ಳಿಯ ಶಾಲೆ. ಐದನೇ ಕ್ಲಾಸಿನಲ್ಲಿ ಹತ್ತೊಂಬತ್ತು ಮಕ್ಕಳು. ಬ್ಲಾಗು ಅಂದರೇನು ಎಂದು ಅವರಿಗೆ ತಿಳಿಸಲು ಅರ್ಧ ಗಂಟೆ ಒದ್ದಾಡಿದೆ. ಕೊನೆಗೆ ಒಬ್ಬ ಹುಡುಗ, "ಗೊತ್ತಾಯ್ತು ಸಾ, ಕಟ್ಟೆ ಇದ್ದಂಗೆ. ನಾವು ಕೂತ್ಕಂಡು ಮಾತಾಡ್ತೀವಿ, ದಾರೀಲಿ ಹೋಗೋರು ನಿಂತ್ಕಂಡು ಕೇಳ್ತಾರೆ" ಅಂದ. ನನ್ನ ಅರ್ಧ ಗಂಟೆಗಿಂತ ಅವನ ಎರಡು ಮಾತು ಮೇಲಾಗಿತ್ತು. ಶಾಲೆಯ ಮುಂದೆ ಬೇವಿನ ಮರಕ್ಕೆ ಕಟ್ಟೆ ಇತ್ತು. ಬ್ಲಾಗಿಗೆ 'ಬೇವಿನ ಕಟ್ಟೆ' ಎಂದೇ ಹೆಸರಿಟ್ಟೆವು.

ನಮ್ಮಲ್ಲಿ ಕೆಲಸ ಮಾಡುವ ಕಂಪ್ಯೂಟರು ಇರಲಿಲ್ಲ. ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಡುತ್ತಿದ್ದರು. ಊಟದ ಹೊತ್ತಿನಲ್ಲಿ ನಾನು ನೀರಿನ ಟ್ಯಾಂಕಿನ ಬಳಿಗೆ ಹೋಗುತ್ತಿದ್ದೆ, ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲೇ. ಅಲ್ಲಿ ನಿಂತು ನನ್ನ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಹಾಕುತ್ತಿದ್ದೆ. ಮಕ್ಕಳ ಹೆಸರು ಹಾಕಬಾರದು ಎಂದು ತರಬೇತಿಯಲ್ಲಿ ಹೇಳಿದ್ದರಿಂದ ಬರಹದ ಕೆಳಗೆ ಹಾಜರಿ ನಂಬರು ಮಾತ್ರ ಇರುತ್ತಿತ್ತು. ಶನಿವಾರ ಬೆಳಗಿನ ಕೊನೆಯ ಪೀರಿಯಡ್ಡು ಬ್ಲಾಗಿನದು. ಆ ವಾರದ ಬರಹಗಳನ್ನು ಫೋನಿನಲ್ಲಿ ತೋರಿಸಿ, ಯಾರಾದರೂ ಕಾಮೆಂಟು ಹಾಕಿದ್ದರೆ ಅದನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಪ್ರಪಂಚದಲ್ಲಿ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಓದಬಹುದು ಕಣ್ರೋ ಎಂದು ಹತ್ತು ಸಲ ಹೇಳಿದೆ. ಆ ಮಾತನ್ನು ಒಂದು ಸಲ ಹೇಳಿದ್ದರೂ ಸಾಕಿತ್ತು ಎಂದು ಈಗ ಅನ್ನಿಸುತ್ತದೆ.

ಮಕ್ಕಳು ಬರೆದರು. ಒಬ್ಬ ಈರುಳ್ಳಿ ಶೆಡ್ಡಿನಲ್ಲಿ ಹಾವು ಕಂಡದ್ದು ಬರೆದ. ಒಬ್ಬಳು ಕೆಮ್ಮಣ್ಣುಗುಂಡಿಗೆ ಪ್ರವಾಸ ಹೋಗಿ ಮಂಜಿನಲ್ಲಿ ಏನೂ ಕಾಣದೆ ವಾಪಸ್ಸು ಬಂದದ್ದು ಬರೆದಳು. ಹನ್ನೊಂದನೇ ನಂಬರಿನ ಹುಡುಗಿ ಮಾತ್ರ ಎರಡು ವಾರ ಖಾಲಿ ಪುಸ್ತಕ ಕೊಟ್ಟಳು. ಮೂರನೇ ವಾರ ಏಳು ಸಾಲು ಬರೆದಿದ್ದಳು. ಅವು ನನಗೆ ಇವತ್ತಿಗೂ ಬಾಯಿಪಾಠ.

"ನಮ್ಮ ಮನೆಯ ಅಟ್ಟದ ಮೇಲೆ ತೆಂಗಿನಕಾಯಿ ಇವೆ. ಕೊಬ್ಬರಿ ಆಗಲು ಒಂದು ವರ್ಷ ಬೇಕು. ಅಜ್ಜಿ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿನ ಸದ್ದು ಬಂದರೆ ವಾಪಸ್ಸು ಇಡುತ್ತಾರೆ. ಗಟ್ಟಿ ಸದ್ದು ಬಂದರೆ ಕೆಳಗೆ ಕೊಡುತ್ತಾರೆ. ನಾನು ಕೆಳಗೆ ನಿಂತು ಹಿಡಿಯುತ್ತೇನೆ. ಮೊದಲು ಇಬ್ಬರು ಹಿಡಿಯುತ್ತಿದ್ದೆವು."

ಕೊನೆಯ ಸಾಲಿನ ಕೆಳಗೆ ನಾನು ಗೆರೆ ಎಳೆದು 'ಉತ್ತಮ' ಎಂದು ಬರೆದೆ. ಆ ಎರಡನೆಯವರು ಯಾರು ಎಂದು ನನಗೆ ಗೊತ್ತಿತ್ತು. ಹುಡುಗಿ ಎರಡನೇ ಕ್ಲಾಸಿನಲ್ಲಿದ್ದಾಗ ಅವಳ ತಾಯಿ ಮನೆ ಬಿಟ್ಟು ಹೋಗಿದ್ದಳು. ಗಂಡ ಹೆಂಡತಿಗೆ ಕೂಡಿಬರಲಿಲ್ಲ, ಮಗುವನ್ನು ಕೊಡಲು ಈ ಮನೆಯವರು ಒಪ್ಪಲಿಲ್ಲ ಎಂದಷ್ಟೇ ಊರಿನಲ್ಲಿ ಕೇಳಿದ್ದೆ. ತಾಯಿಯ ತವರು ಲಿಂಗದಹಳ್ಳಿಯ ಕಡೆ. ಅಲ್ಲಿಯೂ ಅವಳು ನಿಲ್ಲಲಿಲ್ಲವಂತೆ, ಎಲ್ಲೋ ಕೆಲಸಕ್ಕೆ ಸೇರಿಕೊಂಡಳಂತೆ. ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. ಗೊತ್ತಿರುವುದು ಬೇರೆ, ಬೇಕಾದ ಹೊತ್ತಿನಲ್ಲಿ ಅದು ನೆನಪಿಗೆ ಬರುವುದು ಬೇರೆ. ನನಗೆ ಬರಲಿಲ್ಲ.

ನಮಗೆ ಕಾಮೆಂಟೇ ಬರಲಿಲ್ಲ. ಪ್ರತಿ ಶನಿವಾರ ಹತ್ತೊಂಬತ್ತು ಮುಖಗಳು ನನ್ನ ಫೋನನ್ನೇ ನೋಡುತ್ತಿದ್ದವು. "ಯಾರಾದ್ರೂ ಏನಾದ್ರೂ ಬರೆದ್ರಾ ಸಾ?" ಎಂದು ಕೇಳುತ್ತಿದ್ದರು. ಇಲ್ಲ ಅನ್ನುತ್ತಿದ್ದೆ. ಪರಿಚಯದ ಮೇಷ್ಟ್ರುಗಳಿಗೆಲ್ಲ ಲಿಂಕು ಕಳಿಸಿದೆ. ಎಲ್ಲರೂ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಸುಮ್ಮನಾದರು. ನಮ್ಮ ಹೆಡ್ ಮೇಡಂ ಮಾತ್ರ 'ಚೆನ್ನಾಗಿದೆ' ಎಂದು ಒಂದು ಪದ ಹಾಕಿದರು. ಅದನ್ನು ಬೋರ್ಡಿನ ಮೇಲೆ ಬರೆದಾಗ ಮಕ್ಕಳು, ಅದು ನಮ್ಮ ಮೇಡಮ್ಮೇ ಅಲ್ವಾ ಸಾ ಎಂದು ಮುಖ ಸಣ್ಣದು ಮಾಡಿಕೊಂಡರು. ನಾಲ್ಕನೇ ಶನಿವಾರದ ಹೊತ್ತಿಗೆ ಅರ್ಧ ಮಕ್ಕಳು ಬರೆಯುವುದನ್ನೇ ಬಿಟ್ಟರು. ನನಗೆ ಅವಮಾನವಾಯಿತು. ಮಕ್ಕಳ ಮೇಲಿನ ಕನಿಕರ ಎಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ನನ್ನ ಮಾತು ಸುಳ್ಳಾಯಿತಲ್ಲ ಎಂಬ ಸಿಟ್ಟು.

ಆ ಭಾನುವಾರ ನನ್ನ ಹೆಂಡತಿಯ ಫೋನು ಇಸಿದುಕೊಂಡೆ. ನನ್ನ ಫೋನಿನಿಂದ ಹಾಕಿದರೆ ನನ್ನ ಹೆಸರೇ ಬರುತ್ತಿತ್ತು. ಅವಳ ಫೋನಿನಲ್ಲಿ ಒಂದು ಹೊಸ ಖಾತೆ ತೆರೆದು 'ದೂರದ ಓದುಗರು' ಎಂದು ಹೆಸರು ಕೊಟ್ಟೆ. ಈರುಳ್ಳಿ ಶೆಡ್ಡಿನ ಹಾವಿಗೆ, ಕೆಮ್ಮಣ್ಣುಗುಂಡಿಯ ಮಂಜಿಗೆ, ಎಲ್ಲದಕ್ಕೂ ಒಂದೊಂದು ಕಾಮೆಂಟು ಬರೆದೆ. ಹೆಂಡತಿಯ ಫೋನು ಕೈಯಲ್ಲಿದ್ದುದಕ್ಕೋ ಏನೋ, ಮಾತು ತಾನಾಗಿ ಹೆಂಗಸಿನ ಮಾತಾಗಿ ಬಂತು. 'ನಾನು ಚಿಕ್ಕವಳಿದ್ದಾಗ' ಎಂದು ಬರೆದಾಗ ನನಗೇ ನಗು ಬಂತು. ನರ್ಸಮ್ಮನ ಅಭಿಪ್ರಾಯ ಬರೆದವನಿಗೆ ಇದೇನು ಕಷ್ಟ? ಅಟ್ಟದ ಬರಹದ ಕೆಳಗೆ ಹೀಗೆ ಬರೆದೆ: "ತುಂಬಾ ಚೆನ್ನಾಗಿ ಬರೆದಿದ್ದೀಯ ಕಂದಾ. ಓದಿ ಕಣ್ಣಿಗೆ ಕಟ್ಟಿದ ಹಾಗಾಯಿತು. ಏಣಿ ಹತ್ತುವಾಗ ಹುಷಾರು."

ಮುಂದಿನ ಶನಿವಾರ ಬೋರ್ಡು ತುಂಬ ಗುಲಾಬಿ, ಹಸಿರು ಅಕ್ಷರ. ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತು ಓದಿದರು. ಹನ್ನೊಂದನೇ ನಂಬರಿನವಳು ಮಾತ್ರ ಕೂತಲ್ಲೇ ಕೂತು ತನ್ನ ಕಾಮೆಂಟನ್ನು ನೋಟ್‌ಬುಕ್ಕಿನ ಹಿಂದಿನ ಪುಟಕ್ಕೆ ಇಳಿಸಿಕೊಂಡಳು. ಗಂಟೆ ಹೊಡೆದ ಮೇಲೆ ಹತ್ತಿರ ಬಂದು, "ಇವ್ರು ಯಾವೂರೋರು ಸಾ?" ಅಂದಳು. ದೂರದವರು ಕಣಮ್ಮ ಎಂದೆ. ಹೆಂಗಸಾ ಅಂದಳು. ಇರಬೇಕು ಎಂದೆ. ಅವಳು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ನಾನು ಖುಷಿಯಲ್ಲಿ ಹಾರಿಕೊಂಡೇ ಮನೆಗೆ ಹೋದೆ.

ಅಲ್ಲಿಂದ ಮುಂದೆ ಆ ಹುಡುಗಿ ಪ್ರತಿ ವಾರ ಬರೆದಳು. ಒಂದು ಪುಟ, ಎರಡು ಪುಟ. "ನೀವು ಹೇಳಿದ ಹಾಗೆ ಏಣಿಯನ್ನು ಹುಷಾರಾಗಿ ಹತ್ತುತ್ತೇನೆ. ಎರಡನೇ ಮೆಟ್ಟಿಲು ಈಗಲೂ ಅಲ್ಲಾಡುತ್ತದೆ" ಎಂದು ಬರೆದಳು. ಬಿಳಿ ಹಸು ಹೆಣ್ಣುಗರು ಹಾಕಿದ್ದು ಬರೆದಳು. ಮನೆಯ ಮುಂದೆ ಒಂದೇ ಬುಡದಿಂದ ಎದ್ದ ಎರಡು ತೆಂಗಿನ ಮರಗಳಲ್ಲಿ ಒಂದಕ್ಕೆ ಸಿಡಿಲು ಬಡಿದದ್ದು ಬರೆದಳು. ಈಗ ತನ್ನ ಜಡೆಯನ್ನು ತಾನೇ ಹಾಕಿಕೊಳ್ಳುತ್ತೇನೆ, ಮೊದಮೊದಲು ಸೊಟ್ಟಗಾಗುತ್ತಿತ್ತು, ಈಗ ಇಲ್ಲ ಎಂದು ಬರೆದಳು. ಹೆಸರು ಹಾಕಬಾರದೆಂಬ ನಿಯಮದ ಒಳಗೇ ಇದ್ದು, ತಾನು ಯಾರ ಮನೆಯ ಮಗು ಎಂದು ತಿಳಿಯಬೇಕಾದವರಿಗೆ ತಿಳಿಯುವ ಹಾಗೆ ಗುರುತಿನ ಮೇಲೆ ಗುರುತು ಇಡುತ್ತಿದ್ದಳು. ನಾನು ಪಕ್ಕದಲ್ಲಿ 'ವರ್ಣನೆ ಚೆನ್ನಾಗಿದೆ' ಎಂದು ಬರೆಯುತ್ತಿದ್ದೆ. ಭಾನುವಾರ ಹೆಂಡತಿಯ ಫೋನು ಹಿಡಿದು, ಜಡೆಗೆ ಎಣ್ಣೆ ಹಚ್ಚಿಕೊ ಕಂದಾ, ಕರುವಿಗೆ ಹಾಲು ಬಿಡುತ್ತೀರಾ ಕಂದಾ ಎಂದು ಉತ್ತರ ಕೊಡುತ್ತಿದ್ದೆ.

ಕಡೂರಿನಲ್ಲಿ ಮತ್ತೊಂದು ಸಭೆ ನಡೆದಾಗ ಇವಳ ಬರಹಗಳನ್ನು ನಾನೇ ಎದ್ದು ನಿಂತು ಓದಿದೆ. ಹಳ್ಳಿ ಮಗುವಿನ ಬರವಣಿಗೆ ಮೂರು ತಿಂಗಳಲ್ಲಿ ಹೇಗೆ ಅರಳಿತು ನೋಡಿ ಎಂದೆ. ಚಪ್ಪಾಳೆ ಬಿತ್ತು. ಕಾಮೆಂಟು ಯಾರದ್ದು ಎಂದು ಒಬ್ಬರು ಕೇಳಿದರು. ಯಾರೋ ಸಹೃದಯರು ಎಂದೆ. ನನ್ನನ್ನೇ ನಾನು ಸಹೃದಯ ಎಂದು ಕರೆದುಕೊಂಡ ಆ ಗಳಿಗೆ ನೆನೆದರೆ ಈಗ ಮೈ ಉರಿಯುತ್ತದೆ.

ನನ್ನ ಹೆಂಡತಿ ತನ್ನ ಫೋನಿನಲ್ಲಿ ಅದನ್ನೆಲ್ಲ ಓದುತ್ತಿದ್ದಳು. ಒಂದು ದಿನ ಸೊಪ್ಪು ಸೋಸುತ್ತಾ, "ಇದು ಬ್ಲಾಗಲ್ಲ ಕಣ್ರೀ, ಕಾಗದ. ಆ ಮಗು ಯಾರೋ ಗೊತ್ತಿರೋರಿಗೇ ಬರೀತಿದೆ" ಅಂದಳು. ಬರೆಯುವುದು ಅಂದರೆ ಯಾರಿಗೋ ಬರೆಯುವುದೇ ಅಲ್ಲವಾ, ನಿನಗೆ ಇದೆಲ್ಲ ತಿಳಿಯಲ್ಲ ಎಂದುಬಿಟ್ಟೆ. ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಮಾತು ಕೇಳದೆ ಕೆಟ್ಟದ್ದು ಬೇಕಾದಷ್ಟಿದೆ, ಆದರೆ ಅದರ ಫಲವನ್ನು ಬೇರೆಯವರ ಮಗು ಅನುಭವಿಸಿದ್ದು ಇದೊಂದೇ ಸಲ.

ನವೆಂಬರಿನಲ್ಲಿ ಮಕ್ಕಳ ದಿನಾಚರಣೆಗೆ ಪೋಷಕರನ್ನೆಲ್ಲ ಕರೆದು, ಮಕ್ಕಳಿಂದ ಬರಹ ಓದಿಸುವುದೆಂದು ತೀರ್ಮಾನವಾಯಿತು. ಆ ವಾರದ ಬರಹದ ಕೊನೆಯಲ್ಲಿ ಹುಡುಗಿ, "ದೂರದ ಓದುಗರೇ, ನೀವು ಬರಲೇಬೇಕು. ಅಜ್ಜಂಪುರದಿಂದ ಹನ್ನೊಂದು ಗಂಟೆಗೆ ಒಂದು ಬಸ್ಸಿದೆ, ಒಂದೂವರೆಗೆ ಒಂದಿದೆ. ಅಜ್ಜಿ ಬೈಯುವುದಿಲ್ಲ, ಕೇಳಿದ್ದೇನೆ" ಎಂದು ಬರೆದಿದ್ದಳು. ಅಜ್ಜಿ ಯಾಕೆ ಬೈಯಬೇಕು ಎಂದು ನಾನು ಒಂದು ಕ್ಷಣ ನಿಂತು ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ನಮ್ಮ ಆಹ್ವಾನ ಪತ್ರಿಕೆಗಳಲ್ಲಿ ಬರದವರ ಹೆಸರನ್ನೂ ಹಾಕಿಕೊಳ್ಳುವುದು ರೂಢಿ. ಅಧ್ಯಕ್ಷರು ಫೋನಿನಲ್ಲಿ, ಬತ್ತೀನಿ ಅಂತ ಹಾಕ್ಕಳಿ ಅನ್ನುತ್ತಾರೆ, ಬರುವುದಿಲ್ಲ, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನಾನೂ ಹಾಗೆಯೇ, "ಖಂಡಿತ ಬರಲು ಪ್ರಯತ್ನಿಸುತ್ತೇನೆ ಕಂದಾ" ಎಂದು ಹಾಕಿದೆ.

ಆ ದಿನ ಬೆಳಿಗ್ಗೆ ಹುಡುಗಿ ನನ್ನ ಹತ್ತಿರ ಬಂದು, ತನ್ನ ಹೆಸರನ್ನು ಕೊನೆಗೆ ಹಾಕಿ ಎಂದು ಕೇಳಿಕೊಂಡಳು. ಹೆದರಿಕೆ ಇರಬೇಕೆಂದು ಹಾಕಿದೆ. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡಿದ್ದಳು. ಹನ್ನೊಂದರ ಬಸ್ಸಿನ ಹಾರ್ನು ಕೇಳಿದಾಗ ಸಾಲಿನಿಂದ ಎದ್ದು ಗೇಟಿನ ತನಕ ಹೋಗಿ ಬಂದಳು. ಬೈದು ಕೂರಿಸಿದೆ. ಅವಳ ಅಜ್ಜಿ ಒಗೆದ ಸೀರೆ ಉಟ್ಟು, ಪಕ್ಕದ ಕುರ್ಚಿಯ ಮೇಲೆ ಒಂದು ಬಟ್ಟೆ ಚೀಲ ಇಟ್ಟುಕೊಂಡು ಕೂತಿದ್ದರು. ನಿಂತಿದ್ದ ಯಾರೋ ಕೂರಲು ಬಂದಾಗ, ಜನ ಬತ್ತಾರೆ ಎಂದು ಅವರನ್ನು ಆಚೆ ಕಳಿಸಿದರು.

ಒಂದೂವರೆಯ ಬಸ್ಸೂ ಬಂದು ಹೋಯಿತು. ಇಳಿದವರು ಇಬ್ಬರು, ಇಬ್ಬರೂ ಗಂಡಸರು. ನಾನು ಕುರ್ಚಿ ಸರಿಸುವ ನೆಪದಲ್ಲಿ ಆ ಕಡೆ ಹೋದಾಗ ಅಜ್ಜಿ ನನ್ನ ಅಂಗಿಯ ತೋಳು ಹಿಡಿದು, ದನಿ ಇಳಿಸಿ ಮಾತಾಡಿದರು.

"ಮೇಷ್ಟ್ರೇ, ಇವ್ರವ್ವ ನಿಮ್ಮ ಫೋನಾಗೆ ಇವಳಿಗೆ ಬರೀತಾಳಂತಲ್ಲ. ಇವತ್ತು ಬತ್ತೀನಿ ಅಂದವ್ಳಂತೆ. ಮೂರು ವರ್ಷದಿಂದ ಅವಳ ಹೆಸ್ರು ಎತ್ತಕ್ಕೆ ನಾನೇ ಬಿಟ್ಟಿರ್ಲಿಲ್ಲ. ಬರ್ಲಿ ಬುಡಿ. ನಾನೇನೂ ಅನ್ನಲ್ಲ. ಅಟ್ಟದ ಕೊಬ್ಬರಿ ತಂದಿವ್ನಿ, ಕೊಟ್ಟು ಕಳುಸ್ತೀನಿ."

ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಏಣಿಯ ಮೆಟ್ಟಿಲು, ಬಿಳಿ ಹಸು, ಒಂದೇ ಬುಡದ ಎರಡು ಮರ, ಸೊಟ್ಟ ಜಡೆ, ಎಲ್ಲ. ಅಲ್ಲಿಯೇ, ಆಗಲೇ ಹೇಳಬೇಕಾಗಿತ್ತು. ನನ್ನ ಬಾಯಿಂದ ಬಂದದ್ದು, "ಬಸ್ಸು ತಪ್ಪಿರಬೇಕು ಅಜ್ಜಿ" ಎಂಬ ಮಾತು. ಅಷ್ಟು ಸಲೀಸಾಗಿ ಹೇಗೆ ಬಂತೋ ಕಾಣೆ. ಅಭ್ಯಾಸ.

ಹುಡುಗಿಯ ಸರದಿ ಬಂತು. ಅವಳು ಪುಸ್ತಕ ನೋಡದೆ ಓದಿದಳು. ಗೇಟನ್ನು ನೋಡುತ್ತಾ ಓದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಧ್ಯಕ್ಷರು ಅವಳ ತಲೆ ಸವರಿ ಪೆನ್ನು ಕೊಟ್ಟರು. ಆಮೇಲೆ ನನ್ನ ಮುಂದೆ ಸಂದರ್ಶಕರ ಪುಸ್ತಕ ಬಂತು. ಅಧ್ಯಕ್ಷರು ಎಂದಿನಂತೆ, ನೀವೇ ಬರ್ಕಳಿ ಅಂದರು. ಆಮೇಲೆ ಬರೆಯುತ್ತೇನೆ ಎಂದೆ.

ಎರಡು ಶನಿವಾರ ಬ್ಲಾಗಿನ ಪೀರಿಯಡ್ಡಿನಲ್ಲಿ ಗಣಿತ ಮಾಡಿದೆ. ಎರಡು ಸಲವೂ ಗಂಟೆ ಹೊಡೆದ ಮೇಲೆ ಅವಳು ಬಂದು, ಏನಾದ್ರೂ ಬರೆದ್ರಾ ಸಾ ಎಂದು ಕೇಳಿದಳು. ಕೊನೆಗೆ ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ನಾನು ಮೊದಲೇ ಹೇಳಿದ್ದೆ ಅನ್ನಲಿಲ್ಲ ಅವಳು. ಆ ಮಗುವಿಗೆ ಹೇಳಿಬಿಡಿ, ಇನ್ನೊಂದು ವಾರ ಕಾಯಿಸಬೇಡಿ ಎಂದಷ್ಟೇ ಅಂದಳು.

ಸೋಮವಾರ ಊಟದ ಹೊತ್ತಿನಲ್ಲಿ ಹುಡುಗಿಯನ್ನು ಬೇವಿನ ಕಟ್ಟೆಗೆ ಕರೆದೆ. ಅವಳು ಕಟ್ಟೆಯ ಮೇಲೆ ಕೂತಳು, ನಾನು ನಿಂತೇ ಇದ್ದೆ. ಸುತ್ತಿ ಬಳಸಿ ಹೇಳಲು ಹೋದರೆ ಮತ್ತೊಂದು ಸುಳ್ಳು ಬಂದೀತೆಂದು ಹೆದರಿ, ಆ ದೂರದ ಓದುಗರು ನಾನೇ ಕಣಮ್ಮ, ನೀವೆಲ್ಲ ಬರೆಯಲಿ ಅಂತ ನಾನೇ ಬರೆದೆ, ತಪ್ಪಾಯಿತು ಎಂದೆ.

"ನಾನು ಏಣಿ ಅಂತ ಬರ್ದೇ ಇರ್ಲಿಲ್ಲ. ನಿಮ್ಗೆ ಹೆಂಗೆ ಗೊತ್ತಾಯ್ತು?" ಅಂದಳು.

ಅಟ್ಟ ಅಂದಮೇಲೆ ಏಣಿ ಇರುತ್ತಲ್ಲಮ್ಮ, ಅದಕ್ಕೆ ಬರೆದೆ ಎಂದೆ. ಅವಳು ತಲೆಯಾಡಿಸಿದಳು. ಲೆಕ್ಕ ಅರ್ಥವಾದಾಗ ಮಕ್ಕಳು ಆಡಿಸುತ್ತಾರಲ್ಲ, ಹಾಗೆ. ಅವ್ವ ಒಂದು ಸಲ ಅದೇ ಏಣಿಯಿಂದ ಬಿದ್ದಿದ್ದಳಂತೆ. ದಿನಾ ಹುಷಾರು ಅನ್ನುತ್ತಿದ್ದಳಂತೆ.

"ಹಂಗಾದ್ರೆ ನಾನು ಬರ್ದಿದ್ದು ಅವ್ವ ಒಂದೂ ಓದಿಲ್ವಾ?"

ಮಕ್ಕಳಿಂದ ಬರೆಸುವುದೇ ದೊಡ್ಡ ಕೆಲಸ ಎಂದುಕೊಂಡಿದ್ದ ಮೇಷ್ಟ್ರು ನಾನು. ಈ ಮಗು ಬರೆದದ್ದು ನನಗಲ್ಲ ಎಂಬುದು ಆಗ ನಾಟಿತು. ಬೇಕಾದರೆ ಎಲ್ಲ ಅಳಿಸಿಬಿಡುತ್ತೇನೆ ಎಂದೆ. ಅವಳು ಬೇಡ ಎಂದಳು. "ಇರ್ಲಿ ಸಾ. ಯಾರು ಬೇಕಾರೂ ಓದ್ಬೋದು ಅಂದಿದ್ರಲ್ಲ" ಅಂದಳು. ಎದ್ದು ಲಂಗ ಕೊಡವಿಕೊಂಡು ಕ್ಲಾಸಿಗೆ ಹೋದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ನನಗೆ ಸಿಗುತ್ತಿತ್ತು.

ಅದೇ ಸಂಜೆ ಅವರ ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಕೂತು ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ನಾನು ಹೇಳುವುದನ್ನು ಪೂರ್ತಿ ಕೇಳಿದರು. ಬೈಯಲಿ ಎಂದು ಕಾದೆ.

"ಮೂರು ತಿಂಗ್ಳು ಮಗ ನಗ್ತಾ ಓಡಾಡ್ಕಂಡಿತ್ತು ಮೇಷ್ಟ್ರೇ. ಅದಕ್ಕೆ ನಿಮ್ಮನ್ನ ಏನಂತ ಬೈಯ್ಲಿ ನಾನು?" ಅಂದು ಮತ್ತೊಂದು ಕಾಯಿ ಎತ್ತಿಕೊಂಡರು.

ಆ ಹುಡುಗಿ ಆಮೇಲೂ ಬರೆದಳು. ಹಸು ಸಾಧು ಪ್ರಾಣಿ, ನನ್ನ ಶಾಲೆ ನನಗೆ ಇಷ್ಟ, ಎಂಬಂಥವು. ಅವುಗಳಲ್ಲಿ ತಿದ್ದಲು ಒಂದೂ ತಪ್ಪು ಇರುತ್ತಿರಲಿಲ್ಲ. ವರ್ಷದ ಕೊನೆಗೆ ಬ್ಲಾಗಿಗೆ ಬರೆಯುವುದು ನಿಂತಿತು. ಮರುವರ್ಷ ನಾನು ಕೇಳಿ ಬೇರೆ ಶಾಲೆಗೆ ವರ್ಗ ಮಾಡಿಸಿಕೊಂಡೆ. ಕುಟುಂಬದ ಕಾರಣ ಎಂದು ಅರ್ಜಿಯಲ್ಲಿ ಬರೆದೆ.

ಈಗ ನಿವೃತ್ತನಾಗಿ ಕೆಲವು ತಿಂಗಳಾಗಿದೆ. ಹೋದ ವಾರ ಪೆನ್ಷನ್ನಿನ ಕಾಗದಕ್ಕೆಂದು ಅಜ್ಜಂಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ತರೀಕೆರೆಯ ಬಸ್ಸು ಕಾಯುತ್ತಿದ್ದಾಗ, ಹೈಸ್ಕೂಲಿನ ಯೂನಿಫಾರಮ್ಮಿನ ಹುಡುಗಿಯೊಬ್ಬಳು ಬಂದು, ನಮಸ್ತೆ ಸಾ ಅಂದಳು. ಎತ್ತರವಾಗಿದ್ದಾಳೆ. ಒಂದೇ ಜಡೆ ಈಗ. ಅಜ್ಜಿ ಹೇಗಿದ್ದಾರೆಂದು ಕೇಳಿದೆ, ಅಟ್ಟ ಹತ್ತುವುದನ್ನು ಬಿಟ್ಟಿದ್ದಾರೆ, ತಾನೇ ಹತ್ತುತ್ತೇನೆ ಎಂದಳು. ಆಮೇಲೆ, "ಬೇವಿನ ಕಟ್ಟೆ ಇನ್ನೂ ಇದೆಯಾ ಸಾ?" ಎಂದು ಕೇಳಿದಳು. ಇದೆ ಎಂದೆ. ವಿಳಾಸ ಬರೆದುಕೊಡಿ ಎಂದು ರಫ್ ನೋಟಿನ ಹಾಳೆ ಮುಂದಿಟ್ಟಳು. ನನ್ನ ದುಂಡು ಅಕ್ಷರದಲ್ಲಿ ಬರೆದುಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಕಂಪಾಸ್ ಬಾಕ್ಸಿನಲ್ಲಿಟ್ಟಳು.

"ಅವ್ವನ ನಂಬರ್ ಸಿಕ್ಕಿದೆ ಸಾ. ಲಿಂಗದಹಳ್ಳಿ ಮಾವ ಕೊಟ್ರು. ಮಾತಾಡಕ್ಕೆ ಏನೂ ತೋಚಲ್ಲ. ಇದನ್ನ ಕಳುಸ್ತೀನಿ, ಓದ್ಕಳ್ಲಿ."

ನನಗೆ ಸಂತೋಷವಾಯಿತು, ನಿಜ. ಅವಳ ಬಸ್ಸು ಹೊರಟು, ನನ್ನ ಬಸ್ಸು ಬಂದು, ಕಿಟಕಿಯ ಪಕ್ಕ ಕೂತ ಮೇಲೆ ಒಂದು ಮಾತು ಹೊಳೆಯಿತು. ಇರಲಿ ಎಂದು ಆ ಮಗು ಹೇಳಿದ್ದನ್ನೇ ನೆಪ ಮಾಡಿಕೊಂಡು ನಾನು ಏನನ್ನೂ ಮುಟ್ಟಿರಲಿಲ್ಲ. ಆ ತಾಯಿ ನಾಲ್ಕು ವರ್ಷದ ಮೇಲೆ ಮಗಳ ಕಾಗದಗಳನ್ನು ತೆರೆದರೆ, ಒಂದೊಂದರ ಕೆಳಗೂ ಯಾರೋ ಹೆಂಗಸು ಕಂದಾ ಕಂದಾ ಎಂದು ಉತ್ತರ ಕೊಟ್ಟಿರುತ್ತಾಳೆ. ತಾನಿಲ್ಲದ ಜಾಗದಲ್ಲಿ ಇನ್ನೊಬ್ಬಳು ಕೂತಿರುವುದನ್ನು ಅವಳು ನೋಡುತ್ತಾಳೆ.

ಬಸ್ಸಿನಲ್ಲೇ ಫೋನು ತೆಗೆದೆ. ಬ್ಲಾಗು ನನ್ನದಾದ್ದರಿಂದ ಯಾರ ಕಾಮೆಂಟನ್ನಾದರೂ ನನ್ನ ಫೋನಿನಿಂದಲೇ ಅಳಿಸಬಹುದಿತ್ತು. ಒಂದೊಂದೇ ಕಾಮೆಂಟು ಹುಡುಕಿ ಅಳಿಸಿದೆ. ಎಣ್ಣೆ ಹಚ್ಚಿಕೊ ಎಂಬುದನ್ನು ಅಳಿಸಿದೆ. ಕರುವಿಗೆ ಹಾಲು ಬಿಡುತ್ತೀರಾ ಎಂಬುದನ್ನು ಅಳಿಸಿದೆ. ಬರುತ್ತೇನೆ ಎಂಬುದನ್ನು ಅಳಿಸಿದೆ. ತರೀಕೆರೆ ತಲುಪುವ ಹೊತ್ತಿಗೆ ದೂರದ ಓದುಗರದ್ದು ಒಂದಕ್ಷರವೂ ಉಳಿದಿರಲಿಲ್ಲ. ಕೊನೆಗೆ ಎಲ್ಲ ಸರಿಯಾಯಿತೇ ಎಂದು ಹುಡುಗಿಯ ಬರಹಗಳನ್ನು ಮೊದಲಿನಿಂದ ಓದುತ್ತಾ ಬಂದೆ. ಎರಡನೆಯದರಲ್ಲೇ ಕಣ್ಣು ನಿಂತಿತು.

"ನೀವು ಹೇಳಿದ ಹಾಗೆ ಏಣಿಯನ್ನು ಹುಷಾರಾಗಿ ಹತ್ತುತ್ತೇನೆ."

ಅದು ನನ್ನದಲ್ಲ, ಅವಳದ್ದು. ಅದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಅವಳ ತಾಯಿ ಅದನ್ನು ಓದುತ್ತಾಳೆ. 'ಮನೆ ಬಿಟ್ಟ ಮೇಲೆ ಇವಳಿಗೆ ನಾನು ಯಾವಾಗ ಹೇಳಿದೆ' ಎಂದು ನೆನಪಿಸಿಕೊಳ್ಳಲು ನೋಡುತ್ತಾಳೆ. ಕಂಡಕ್ಟರು ಬಂದು, ಇಳೀರಿ ಸಾರ್, ಲಾಸ್ಟ್ ಸ್ಟಾಪು ಅಂದ. ಫೋನು ಜೇಬಿಗೆ ಹಾಕಿಕೊಂಡು ಇಳಿದೆ.